ಒಂದೇ ತಾರೀಖಿನ ಸಿಟ್ಟು

ತಾರೀಖಿಗೂ ನೆನಪಿರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ನನ್ನ ಮಗಳು ಶಾಲೆಯ ಪ್ರಾರ್ಥನೆಯಲ್ಲಿ ದಿನವಿಶೇಷ ಓದುತ್ತಾಳೆ: ಇದೇ ದಿನ ಒಬ್ಬ ರಾಜನ ಪಟ್ಟಾಭಿಷೇಕ, ಇದೇ ದಿನ ಎಲ್ಲೋ ಭೂಕಂಪ, ಇದೇ ದಿನ ಯಾರೋ ವಿಜ್ಞಾನಿಯ ಜನನ. ಇರುವುದೇ ಮುನ್ನೂರ ಅರವತ್ತೈದು ದಿನ. ಇಷ್ಟು ಶತಮಾನಗಳ ಸಂಗತಿಗಳು ಒಂದರ ಮೇಲೊಂದು ಬೀಳದೆ ಎಲ್ಲಿ ಹೋದಾವು ಎಂಬುದು ನನ್ನ ವಾದವಾಗಿತ್ತು.

ಹೋದ ವರ್ಷ ನಮ್ಮ ಅತ್ತೆಯ ಕಣ್ಣಿನ ಪೊರೆ ತೆಗೆಯಲು ಸಾಂಗ್ಲಿಯ ಡಾಕ್ಟರು ನವೆಂಬರ್ ಹದಿನೇಳನೆಯ ತಾರೀಖು ಕೊಟ್ಟರು. ಅತ್ತೆ ಅಂಜಿ ಎರಡು ಸಲ ತಪ್ಪಿಸಿಕೊಂಡಿದ್ದರು. ಇನ್ನೂ ತಡ ಮಾಡಿದರೆ ಆ ಕಣ್ಣಿನ ಆಸೆ ಬಿಡಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕ್ಯಾಲೆಂಡರಿನಲ್ಲಿ ಗುರುತು ಹಾಕಲು ಹೋದರೆ ಮೊಳೆ ಕಿತ್ತು ಬಂದು, ಹಿಂದೆ ತೂಗುತ್ತಿದ್ದ ಮೂರು ವರ್ಷದ ಹಳೆಯ ಕ್ಯಾಲೆಂಡರುಗಳೂ ಕಾಲ ಮೇಲೆ ಬಿದ್ದವು. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಸಾಲು ಬರೆಯುವುದು ನಾನು ಕಲಿತ ಕಾನ್ವೆಂಟಿನ ಸಿಸ್ಟರು ನನಗೆ ಹಚ್ಚಿದ ರೂಢಿ. ಮೂರರಲ್ಲೂ ನವೆಂಬರ್ ಹದಿನೇಳರ ಚೌಕದಲ್ಲಿ ನನ್ನದೇ ಅಕ್ಷರ: ‘ಅತ್ತೆ ಸಿಟ್ಟಾಗಿ ತಿಕೋಂಡಿಗೆ ಹೋದರು.’ ಅಲ್ಲಿ ಅವರ ತಂಗಿಯ ಮನೆ. ಒಂದು ವರ್ಷ ಕುರ್ಚಿ ಸರಿಸಿದ್ದಕ್ಕೆ, ಇನ್ನೊಂದು ವರ್ಷ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಗೆ ಖಾರ ಕಡಿಮೆಯೆಂದು. ಮೂರನೆಯದಕ್ಕೆ ಕಾರಣವನ್ನೇ ಬರೆದಿರಲಿಲ್ಲ.

ಯಜಮಾನರಿಗೆ ತೋರಿಸಿದೆ. ‘ಕ್ಯಾಲೆಂಡರ್ ನೋಡಿ ಸಿಟ್ಟ ಮಾಡ್ಕೊಳ್ಳಾಕ ನಮ್ಮವ್ವೇನು ಸಾಲಿ ಕಲ್ತಾಳೇನು?’ ಎಂದು ನಕ್ಕರು. ಮಾತು ನಿಜ. ಅತ್ತೆಗೆ ಅಂಕಿಯೂ ಓದಲು ಬರುವುದಿಲ್ಲ.

ಆದರೂ ಹದಿನೇಳರ ಮುಂಜಾನೆ ನಾನು ಕುರ್ಚಿ ಮುಟ್ಟಲಿಲ್ಲ. ಹಿಂಡಿಗೆ ಖಾರ ಜಾಸ್ತಿ ಹಾಕಿದೆ, ರೊಟ್ಟಿಗೆ ಬೆಣ್ಣೆ ಸವರಿದೆ, ಅವರ ಚಪ್ಪಲಿಯನ್ನು ಮಂಚದ ಕೆಳಗೆ ಬಚ್ಚಿಟ್ಟೆ. ಅತ್ತೆ ಚೆನ್ನಾಗಿ ಉಂಡರು. ‘ಏನವಾ, ಭಾಳ ಉಪಚಾರ ನಡಸೀದಿ? ನಾ ಕಣ್ಣ ತೋರಸಾಕ ಹೊಂಟೀನಿ, ಸಾಯಾಕಲ್ಲ,’ ಎಂದು ನಕ್ಕರು ಕೂಡ.

ಹತ್ತು ಗಂಟೆಗೆ ಗಾಡಿ ಬರುವುದಿತ್ತು. ಒಂಬತ್ತೂವರೆಗೆ ನಾನು ಪಲ್ಯ ತಿರುವುತ್ತ ನಿಂತಿದ್ದೆ. ಆಗ ನನಗೆ ಸಿಟ್ಟು ಬಂತು. ಯಾರೂ ಏನೂ ಅಂದಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ ಈ ಮನೆಯಲ್ಲಿ ನಾನು ದನಿ ಏರಿಸಿದವಳಲ್ಲ. ಅಂಗಾಲಿನಿಂದ ನೆತ್ತಿಗೆ ಏರಿತು ಎನ್ನುತ್ತಾರಲ್ಲ, ಹಾಗೆ. ಒಲೆ ಆರಿಸಿದ್ದು ನೆನಪಿದೆ. ಮುಂದೆ ನೆನಪಿರುವುದು ತಿಕೋಂಡಿಯ ಬಸ್ಸು. ನನ್ನ ಕೈಯಲ್ಲಿ ಸಟ್ಟುಗ ಹಾಗೇ ಇತ್ತು. ಕಂಡಕ್ಟರ್ ಅದನ್ನು ನೋಡಿ ಚಿಲ್ಲರೆಗಾಗಿ ಕಾಡಲಿಲ್ಲ.

ಅತ್ತೆಯ ತಂಗಿ ಬಾಗಿಲಲ್ಲೇ ನಿಂತಿದ್ದರು. ಬೆರಗೂ ಆಗಲಿಲ್ಲ ಅವರಿಗೆ. ‘ಈ ಸಲ ನಿನ್ನ ಪಾಳೇನು? ಕೈಕಾಲ ತೊಕ್ಕೊಂಡ ಬಾ. ಒಬ್ಬರಿಗೆ ಹೆಚ್ಚಿಗಿ ರೊಟ್ಟಿ ಬಡದೀನಿ,’ ಎಂದರು.

ಸಂಜೆ ಅತ್ತೆಯ ಫೋನು ಬಂತು. ಕಣ್ಣಿನ ಕೆಲಸ ಚೆನ್ನಾಗಿ ಮುಗಿದಿತ್ತು, ಪಟ್ಟಿ ಕಟ್ಟಿದ್ದರು. ‘ನಾಳೆ ಬಿಚ್ಚತಾರಂತ. ನೀ ಯಾಕ ಹೋದಿ ಯವ್ವಾ? ಯಾರರ ಏನರ ಅಂದ್ರೇನು?’

‘ನನಗೂ ಗೊತ್ತಿಲ್ರಿ,’ ಎಂದೆ.

‘ಇರಲಿ ಬಿಡು,’ ಎಂದರು ಅತ್ತೆ, ಬಹಳ ಮೆತ್ತಗೆ. ‘ನನಗೂ ಹಂಗ ಆಗತಿತ್ತು.’

ವರ್ಷವಾಗುತ್ತ ಬಂತು. ಆ ಸಿಟ್ಟು ಯಾರ ಮೇಲಿತ್ತು ಎಂಬುದು ನನಗೆ ಇನ್ನೂ ಹೊಳೆದಿಲ್ಲ.