ಮುನಿಸಿಕೊಂಡ ಕುದುರೆ

ನನಗೆ ಸಿಟ್ಟು ಬೇಗ ಬರುತ್ತದೆ. ಮಿಕ್ಸಿ ತಿರುಗದಿದ್ದರೆ ಮಿಕ್ಸಿಗೆ ಬೈಯುತ್ತೇನೆ, ಸೀಮೆಸುಣ್ಣ ಮುರಿದರೆ ಅದನ್ನು ತಯಾರಿಸಿದವರ ವಂಶವನ್ನೆಲ್ಲ ನೆನೆಯುತ್ತೇನೆ. ಇಂಥವಳು ಐವತ್ತರ ಹತ್ತಿರ ಬಂದ ಮೇಲೆ ಏರ್ ಪಿಸ್ತೂಲು ಹಿಡಿದದ್ದೇಕೆಂದು ನೀವು ಕೇಳಬಹುದು. ವೈದ್ಯರು ಧ್ಯಾನ ಮಾಡಿ ಎಂದರು. ಕಣ್ಣು ಮುಚ್ಚಿ ಕುಳಿತರೆ ನನಗೆ ನಿದ್ದೆ ಬರುತ್ತದೆ. ಕಣ್ಣು ಬಿಟ್ಟುಕೊಂಡೇ ಮಾಡಬಹುದಾದ ಧ್ಯಾನವೆಂದರೆ ಗುರಿ ಹೊಡೆಯುವುದು ಎಂದು ಯಾರೋ ಹೇಳಿದರು, ನಂಬಿದೆ. ದೊಡ್ಡಬಳ್ಳಾಪುರದಲ್ಲಿ ಗಣಿತದ ಪಾಠ ಮುಗಿಸಿ, ಆಗಾಗ ಸಂಜೆ ದೇವನಹಳ್ಳಿ ಕಡೆಯ ಶೂಟಿಂಗ್ ರೇಂಜಿಗೆ ಸ್ಕೂಟರಿನಲ್ಲಿ ಹೋಗಿ, ಕಾಗದದ ಮೇಲಿನ ಕರಿ ಬೊಟ್ಟಿಗೆ ಸೀಸದ ಪುಟ್ಟ ಗುಂಡು ಹೊಡೆದು ಬರುತ್ತೇನೆ. ಈ ಸುದ್ದಿ ಶಾಲೆಗೆ ಮುಟ್ಟಿದಂದಿನಿಂದ ಮಕ್ಕಳು ಹೋಂವರ್ಕ್ ತಪ್ಪಿಸುತ್ತಿಲ್ಲ.

ಈ ವರ್ಷ ನನ್ನ ಆಸೆ ಒಂದೇ: ನನ್ನ ವಯಸ್ಸಿನವರ ವಿಭಾಗದಲ್ಲಿ ರಾಜ್ಯ ಮಟ್ಟದ ಪಂದ್ಯಕ್ಕೆ ಆಯ್ಕೆಯಾಗುವುದು. ಅದಕ್ಕೆ ಅರ್ಹತಾ ಪಂದ್ಯದಲ್ಲಿ ನಿಗದಿಯಾದಷ್ಟು ಅಂಕ ಬರಬೇಕು. ಹೋದ ವರ್ಷ ಸ್ವಲ್ಪದರಲ್ಲಿ ತಪ್ಪಿ, ಮನೆಗೆ ಬಂದು ಸೊಪ್ಪು ಬಿಡಿಸುತ್ತ ಅತ್ತಿದ್ದೆ. ಈ ಸಲ ದಸರೆಯವರೆಗೂ ಕೈ ಚೆನ್ನಾಗಿ ಕೂತಿತ್ತು. ದಸರೆ ಕಳೆದದ್ದೇ ತಡ, ಪಿಸ್ತೂಲು ಕೈಕೊಟ್ಟಿತು.

ಬಂದೂಕಿನ ಟ್ರಿಗರಿಗೆ ನಮ್ಮ ಹಿರಿಯರು ಕುದುರೆ ಎನ್ನುತ್ತಿದ್ದರು. ಯಾಕೆಂದು ನಿಘಂಟು ತಿರುವಿದೆ; ಅದು ಅರ್ಥ ಹೇಳಿತೇ ಹೊರತು ಕಾರಣ ಹೇಳಲಿಲ್ಲ. ಕುದುರೆಯ ಲಗಾಮನ್ನೂ ಇದನ್ನೂ ಮೆತ್ತಗಿನ ಕೈಯಲ್ಲಿ ಎಳೆಯಬೇಕು, ಅದಕ್ಕೇ ಇರಬೇಕು ಎಂಬುದು ನನ್ನ ಸ್ವಂತ ಸಂಶೋಧನೆ. ನನ್ನ ಪಿಸ್ತೂಲಿನ ಕುದುರೆ ಮೊದಲು ಸಲೀಸಾಗಿ ಬರುತ್ತದೆ, ಆಮೇಲೆ ಒಂದು ಕಡೆ ತಡೆದು ನಿಲ್ಲುತ್ತದೆ. ಅಲ್ಲಿಂದ ಇನ್ನೊಂದಿಷ್ಟು ಒತ್ತಿದರೆ ಗುಂಡು ಹಾರುತ್ತದೆ. ಈಗ ಆ ತಡೆಯೇ ಕೈಗೆ ಸಿಗದಾಯಿತು. ಒಮ್ಮೆ ನಾನು ಸಿದ್ಧವಾಗುವ ಮೊದಲೇ ಗುಂಡು ಹೋಗುತ್ತಿತ್ತು, ಇನ್ನೊಮ್ಮೆ ಎಷ್ಟು ಎಳೆದರೂ ಹೋಗುತ್ತಿರಲಿಲ್ಲ.

ಗುಂಡಿನ ಡಬ್ಬಿ ಬದಲಾಯಿಸಿದೆ. ಗುರಿ ನೋಡುವ ಸೈಟಿನ ತಿರುಪು ತಿರುಗಿಸಿದೆ. ಹಿಡಿಯನ್ನು ಸಡಿಲಿಸಿ ಮತ್ತೆ ಬಿಗಿ ಮಾಡಿದೆ. ಕೊನೆಗೆ ಕನ್ನಡಕವನ್ನೂ ಬಿಡಲಿಲ್ಲ. ನಮ್ಮ ಕೋಚ್ ಪಾಷಾ ಸಾಹೇಬರು ನೋಡುವಷ್ಟು ನೋಡಿ, "ಮೇಡಂ, ಒಂದೊಂದೇ ಬದಲಾಯಿಸ್ರಿ. ಎಲ್ಲಾ ಒಟ್ಟಿಗೆ ತಿರುಗಿಸ್ಬಿಟ್ರೆ ಕೆಟ್ಟಿದ್ದು ಯಾವ್ದು ಅಂತ ಹೆಂಗ್ ಗೊತ್ತಾಗುತ್ತೆ?" ಎಂದರು. ಒಂಬತ್ತನೇ ತರಗತಿಗೆ ಸಮೀಕರಣ ಕಲಿಸುವಾಗ ನಾನು ಹೇಳುವ ಮಾತೇ ಅದು. ಅದು ನನಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ.

ಪಂದ್ಯದ ಹಿಂದಿನ ದಿನ ಊಟದ ಮೇಜಿನ ಮೇಲೆ ಪೇಪರ್ ಹಾಸಿ ಕುಳಿತೆ. ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಗಾಳಿಯ ಸಿಲಿಂಡರ್ ಬಿಚ್ಚಿಟ್ಟು, ಕಡ್ಡಿಗೆ ಹತ್ತಿ ಸುತ್ತಿ ಕುದುರೆಯ ಸಂದಿಯಲ್ಲಿ ಆಡಿಸಿದೆ. ಹತ್ತಿ ಕೆಂಪಗೆ ಬಂತು. ತುಕ್ಕು ಎಂದುಕೊಂಡೆ. ಮೂಗಿನ ಹತ್ತಿರ ಹಿಡಿದರೆ ಘಮ್ಮೆನ್ನುತ್ತಿದೆ. ತುಕ್ಕಿಗೆ ಗಂಧದ ವಾಸನೆ ಎಲ್ಲಿಂದ ಬರಬೇಕು?

ಆಯುಧ ಪೂಜೆ ನೆನಪಾಯಿತು. ನಮ್ಮದು ನೇಯ್ಗೆಯ ಮನೆ, ಕೆಳಗೆ ಯಜಮಾನರ ಪವರ್‌ಲೂಮುಗಳಿವೆ. ಅತ್ತೆ ಪ್ರತಿ ವರ್ಷ ಮಗ್ಗಕ್ಕೆ, ಸ್ಕೂಟರಿಗೆ, ಈಳಿಗೆಮಣೆಗೆ, ನನ್ನ ಕೈವಾರಕ್ಕೆ ಕೂಡ ಗಂಧ ಕುಂಕುಮ ಇಡುತ್ತಾರೆ. ಇಷ್ಟು ಕಾಲ ಮಿಕ್ಸಿಯನ್ನೇ ಆಯುಧವೆಂದು ಪೂಜಿಸಿದವರಿಗೆ, ನಾನು ರೇಂಜಿನ ಪಿಸ್ತೂಲು ಬಿಟ್ಟು ಸ್ವಂತದ್ದು ಕೊಂಡ ಈ ವರ್ಷ ಆಯುಧವೆನ್ನಬಹುದಾದದ್ದೊಂದು ಸಿಕ್ಕಿತ್ತು. ಗಂಧವನ್ನು ಧಾರಾಳವಾಗಿಯೇ ಕಲಸಿದ್ದರು. "ಕೆಲ್ಸ ಮಾಡೋ ಜಾಗಕ್ಕೇ ಇಡ್ಬೇಕು ಕಣಮ್ಮ" ಎನ್ನುವುದು ಅವರ ಪದ್ಧತಿ. ಮಗ್ಗದ ಕಬ್ಬಿಣಕ್ಕೆ ಅದರಿಂದ ಏನೂ ಆಗದು. ಪಿಸ್ತೂಲಿನಲ್ಲಿ ಮಾತ್ರ, ಮೇಲಿನದನ್ನು ನಾನು ಒರೆಸಿದ್ದರೂ, ಅದು ಕುದುರೆಯ ಬುಡಕ್ಕೆ ಇಳಿದು ಒಣಗಿ ಗಟ್ಟಿಯಾಗಿತ್ತು.

ಸ್ಪಿರಿಟಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಗುಂಡಿಲ್ಲದೆ ಎಳೆದು ನೋಡಿದರೆ ಹಳೆಯ ತಡೆ ಬೆರಳಿಗೆ ಮತ್ತೆ ಸಿಕ್ಕಿತು. ಅತ್ತೆ ಇಣುಕಿ, "ಏನಾಗಿತ್ತಮ್ಮ ಅದಕ್ಕೆ?" ಎಂದರು.

"ಏನೋ ಕೊಳೆ ಕೂತಿತ್ತು ಅತ್ತೆ."

"ಆ ರೇಂಜಲ್ಲಿ ಕಸ ಗುಡ್ಸೋದೇ ಇಲ್ವೇನೋ" ಎಂದು ಅವರು ಒಳಗೆ ಹೋದರು. ಬೇರೆಯವರನ್ನು ದೂರುವ ಗುಣ ನಮ್ಮ ಮನೆಯಲ್ಲಿ ನನ್ನೊಬ್ಬಳದೇ ಅಲ್ಲ ಎಂದು ಸಮಾಧಾನವಾಯಿತು.

ಖುಷಿ ಕಾಫಿ ಮುಗಿಯುವವರೆಗೆ ಇತ್ತು, ಆಮೇಲೆ ಭಯ ಶುರುವಾಯಿತು. ಪಿಸ್ತೂಲು ಕೆಟ್ಟಿದ್ದಷ್ಟು ದಿನ ನಾನು ಎಷ್ಟು ನೆಮ್ಮದಿಯಾಗಿದ್ದೆ ನೋಡಿ. ಕೆಟ್ಟ ಗುಂಡೆಲ್ಲ ಅದರದು, ಬೈಗುಳ ಎಲ್ಲ ಅದಕ್ಕೆ. ಈಗ ಗಂಧದ ಜೊತೆಗೆ ನೆಪವನ್ನೂ ನಾನೇ ಕಡ್ಡಿ ಹಾಕಿ ಕೆರೆದು ತೆಗೆದುಬಿಟ್ಟಿದ್ದೆ.

ಭಾನುವಾರ ಪಂದ್ಯದ ಮೊದಲ ಗುಂಡಿಗೇ ಹತ್ತಕ್ಕೆ ಏಳು ಬಂತು. ಅಭ್ಯಾಸಬಲದಿಂದ ಪಿಸ್ತೂಲನ್ನು ದುರುಗುಟ್ಟಿ ನೋಡಿದೆ. ಅದು ತೊಳೆದ ಲೋಟದ ಹಾಗೆ ಶುಭ್ರವಾಗಿತ್ತು. ಸರಿ, ಏಳು ನನ್ನದೇ ಎಂದು ಒಪ್ಪಿಕೊಂಡು ಕೈ ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತಿದೆ. ಒಂಬತ್ತು ಬಂತು. ಅದರ ಹಿಂದೆಯೇ ಹತ್ತು. ಏಳು ನನ್ನದಾದರೆ ಹತ್ತೂ ನನ್ನದೇ ತಾನೆ? ತಪ್ಪನ್ನೆಲ್ಲ ಪಿಸ್ತೂಲಿನ ತಲೆಗೆ ಕಟ್ಟುತ್ತಿದ್ದಾಗ ಒಳ್ಳೆಯದನ್ನೂ ಅದಕ್ಕೇ ಬಿಟ್ಟುಕೊಡುತ್ತಿದ್ದೆ, ಗಣಿತದವಳಿಗೆ ಈ ನಷ್ಟ ತಿಳಿದಿರಲಿಲ್ಲ. ಮಧ್ಯೆ ಕೆಲವು ಎಂಟುಗಳೂ ಬಂದವು. ಅವನ್ನೂ ನನ್ನವೆಂದೇ ಬರಮಾಡಿಕೊಂಡೆ. ಕೊನೆಗೆ ಆಯ್ಕೆಗೆ ಬೇಕಾದಷ್ಟು ಅಂಕ ಬಂತು, ಬೇಕಾದಷ್ಟೇ ಬಂತು.

ಹೊರಗೆ ಸ್ಕೂಟರ್ ಹತ್ತಿರ ನಮ್ಮನೆಯವರು ಕಾಯುತ್ತಿದ್ದರು. ನನ್ನ ಮುಖ ನೋಡಿಯೇ ತಿಳಿದು, "ಪಿಸ್ತೂಲು ಚೆನ್ನಾಗ್ ಹೊಡೀತು ಅನ್ನು" ಎಂದರು.

"ಪಿಸ್ತೂಲು ಸುಮ್ನೆ ಇತ್ತು ರೀ," ಎಂದೆ. "ಹೊಡ್ದಿದ್ದು ನಾನು."