ಮೇದಪ್ಪ ಕಡಿದ ಬೈನೆ ಮರ

ಫಾರೆಸ್ಟ್ ಗಾರ್ಡ್ ಮೇದಪ್ಪನವರ ಹೆಂಡತಿ ಈಶ್ವರಿ ಒಮ್ಮೆ ದನದ ಹಟ್ಟಿಗೆ ಹಾಕಲೆಂದು ಸರಕಾರಿ ಕಾಡಿನ ಅಂಚಿನಿಂದ ಒಂದು ಬುಟ್ಟಿ ತರಗೆಲೆ ತಂದಿದ್ದರು. ಮೇದಪ್ಪ ಅದನ್ನು ತಂದಲ್ಲಿಗೇ ಸುರಿದು ಬರಲು ಹೇಳಿದರು.

"ಹಿಂದೆ ಹಾಕಿದ್ರೆ ಅವು ಪುನಃ ಮರಕ್ಕೆ ಅಂಟುದುಂಟಾ?" ಎಂದು ಈಶ್ವರಿ ಕೇಳಿದರು.

"ಅಂಟುದು ಬಿಡುದು ಎಲೆಗೆ ಬಿಟ್ಟದ್ದು. ನಮ್ಮ ಹಟ್ಟಿಯಲ್ಲಿ ಇರಬಾರದು, ಅಷ್ಟೇ."

ಇಂಥವರು ಅದೇ ಕಾಡಿನಲ್ಲಿ ಒಂದು ಹಸಿ ಮರವನ್ನೇ ಕಡಿದರು. ಅದು ಹೇಗಾಯಿತೆಂದು ಅವರ ಬಾಯಿಂದಲೂ ಆಗ ಜೊತೆಗಿದ್ದ ಕುಂಞಿ ಮೋನು ಅವರ ಬಾಯಿಂದಲೂ ಕೇಳಿ, ಇಬ್ಬರೂ ಒಪ್ಪಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಸುಳ್ಯದ ಕಡೆಯ ಮೇದಪ್ಪ ಕೋಡಿಂಬಾಳಕ್ಕೆ ವರ್ಗವಾಗಿ ಬಂದದ್ದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ. ಆಗ ಸರಕಾರಿ ಕಾಡಿನ ಸೀಗೆಕಾಯಿಯನ್ನು ಗುತ್ತಿಗೆದಾರ ಬಿಟ್ಟು ಬೇರೆ ಯಾರೂ ಕೊಯ್ಯುವಂತಿರಲಿಲ್ಲ. ಕಾಣಿಯೂರಿನ ಬ್ಯಾರಿ ಸಮುದಾಯದ ಸಣ್ಣ ವ್ಯಾಪಾರಿ ಕುಂಞಿ ಮೋನು ಒಂದು ಗೋಣಿ ಸೀಗೆಯೊಂದಿಗೆ ಕಾಡಿನ ಗಡಿಕಲ್ಲಿನ ಹತ್ತಿರ ಮೇದಪ್ಪನವರಿಗೆ ಸಿಕ್ಕಿಬಿದ್ದರು.

"ನಾನು ಕಲ್ಲಿನ ಹೊರಗೆ ಇದ್ದದ್ದು ಗಾರ್ಡ್ರೇ. ಗೋಣಿ ಉರುಳಿ ಒಳಗೆ ಹೋದದ್ದು."

"ಗೋಣಿ ಗುಡ್ಡದ ಮೇಲಕ್ಕೆ ಉರುಳುದಾ ಬ್ಯಾರಿಗಳೇ?"

"ಗೋಣಿಗೆಂತ ಗೊತ್ತುಂಟು, ಮೇಲೆ ಯಾವುದು ಕೆಳಗೆ ಯಾವುದು ಅಂತ?"

ಮೇದಪ್ಪ ಗೋಣಿಯನ್ನೂ ಕತ್ತಿಯನ್ನೂ ಜಪ್ತಿ ಮಾಡಿ, ಅವರನ್ನು ರೇಂಜರ ಆಫೀಸಿಗೆ ಹೊರಡಿಸಿದರು. ಜಪ್ತಿಯಾದ ಮಾಲನ್ನು ಆರೋಪಿ ಮುಟ್ಟಬಾರದೆಂದು ಗೋಣಿಯನ್ನು ತಾವೇ ತಲೆಯ ಮೇಲೆ ಹೊತ್ತರು. ಕುಂಞಿ ಮೋನು ಕೈಬೀಸಿಕೊಂಡು ಹಿಂದೆ ನಡೆದರು. ರಸ್ತೆಯಲ್ಲಿ ಹೋದರೆ ತುಂಬಾ ಸುತ್ತು. ಅಡ್ಡದಾರಿ ಗೊತ್ತಿದೆಯೆಂದು ಹೊಸ ಗಾರ್ಡರು ಕಾಡಿನೊಳಗೆ ನುಗ್ಗಿದರು. ಸಂಜೆಯಾಗುವಾಗ ಎತ್ತ ನೋಡಿದರೂ ಒಂದೇ ಥರದ ಮರಗಳು.

ಮರುದಿನವೂ ದಾರಿ ಸಿಗಲಿಲ್ಲ.

"ನಾವು ಮರೆವಿನ ಬಳ್ಳಿ ಮೆಟ್ಟಿದ್ದೇವೆ," ಎಂದರು ಕುಂಞಿ ಮೋನು. ಅದನ್ನು ಮೆಟ್ಟಿದವನಿಗೆ ದಾರಿ ಮರೆಯುತ್ತದೆ, ಬಟ್ಟೆಯನ್ನು ಒಳಹೊರಗು ಮಾಡಿ ಉಟ್ಟರೆ ಪುನಃ ನೆನಪಾಗುತ್ತದೆ ಎಂದು ನಮ್ಮಲ್ಲಿ ಎಲ್ಲರೂ ನಂಬುತ್ತಾರೆ. ಕುಂಞಿ ಮೋನು ಕೂಡಲೇ ತಮ್ಮ ಅಂಗಿಯನ್ನು ತಿರುಗಿಸಿ ಹಾಕಿಕೊಂಡರು. "ಈಗ ನೀವು."

"ಇದು ಸರಕಾರದ ಖಾಕಿ. ತಿರುಗಿಸ್ಲಿಕ್ಕೆ ಇಲ್ಲ."

ಆದರೂ ಸ್ವಲ್ಪ ಹೊತ್ತಿನ ಮೇಲೆ ಮೇದಪ್ಪ ಒಂದು ಮರದ ಹಿಂದೆ ಹೋಗಿ ಬನಿಯನನ್ನು ತಿರುಗಿಸಿ ಹಾಕಿಕೊಂಡು ಬಂದರು. ಬನಿಯನು ಸರಕಾರದ್ದಲ್ಲ. ಅದಕ್ಕೇ ಇರಬೇಕು, ಕಾಡು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಮೂರನೆಯ ಬೆಳಿಗ್ಗೆ ಅವರಿಗೆ ಒಂದು ತೋಡು ಸಿಕ್ಕಿತು. ನೀರು ಕುಡಿದರು. ಆದರೆ ಕುಂಞಿ ಮೋನು ಎದ್ದು ನಿಲ್ಲಲಾರದೆ ಅಲ್ಲೇ ಕುಸಿದರು. ತಿನ್ನಲು ಇದ್ದದ್ದು ಒಂದು ಗೋಣಿ ಸೀಗೆಕಾಯಿ. ಅದರಲ್ಲಿ ತಲೆ ಮೀಯಬಹುದು, ಹೊಟ್ಟೆ ತುಂಬುವುದಿಲ್ಲ. ತೋಡಿನ ಆಚೆ ತಾಳೆಯ ಜಾತಿಯ ಒಂದು ಎಳೆಯ ಬೈನೆ ಮರವಿತ್ತು. ಅದರ ತಲೆಯೊಳಗಿನ ಬಿಳಿ ತಿರುಳನ್ನು ಹಸಿಯಾಗಿಯೇ ತಿನ್ನಬಹುದೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನು ನೋಡಿದರು.

ಕೊನೆಗೆ ಮೇದಪ್ಪ ಹೇಳಿದರು, "ನೀವು ಕಡಿದ್ರೆ ನಾನು ಕೇಸು ಹಾಕಬೇಕಾಗ್ತದೆ."

"ಹಾಗಾದ್ರೆ ನೀವೇ ಕಡೀರಿ."

"ನಾನು ಕಡಿದ್ರೂ ಹಾಕಬೇಕಾಗ್ತದೆ."

"ಯಾರ ಮೇಲೆ?"

"ನನ್ನ ಮೇಲೆ."

"ಹಾಕಿ ಮಾರಾಯ್ರೆ! ಮೊದಲು ತಿನ್ನುವ, ಮತ್ತೆ ಎಷ್ಟು ಬೇಕಾದ್ರೂ ಹಾಕಿ!"

ಹಸಿದವನು ಕಡಿದರೆ ತಪ್ಪಲ್ಲ ಎಂದು ಮೇದಪ್ಪನವರಿಗೆ ಆಗಲೂ ಅನಿಸಲಿಲ್ಲ. ತಪ್ಪೇ, ಆದರೆ ಮಾಡದೆ ಇದ್ದರೆ ಈ ಮನುಷ್ಯ ಸಾಯುತ್ತಾನೆ ಎಂದಷ್ಟೇ ಅನಿಸಿತು. ಜಪ್ತಿಯಾದ ಕತ್ತಿಯನ್ನೇ ತೆಗೆದು, ಮರಕ್ಕೆ ಕೈಮುಗಿದು, ಕಡಿದರು. ತಿರುಳನ್ನು ಮೊದಲು ಕುಂಞಿ ಮೋನು ಅವರಿಗೆ ಕೊಟ್ಟು ಆಮೇಲೆ ತಾವು ತಿಂದರು. ಮೈಗೆ ತ್ರಾಣ ಬಂದ ಮೇಲೆ ತೋಡಿನ ಗುಂಟ ಇಳಿದು, ಮಧ್ಯಾಹ್ನ ಒಂದು ಅಡಿಕೆ ತೋಟಕ್ಕೆ ಬಿದ್ದರು. ಅಲ್ಲಿಂದ ನೇರ ರೇಂಜರ ಆಫೀಸಿಗೆ.

ರೇಂಜರ್ ಯಜ್ಞೇಶ್ವರ ರಾಯರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದರು.

"ಕಡಿದವ ನೀನು, ಹಿಡಿದವ ನೀನು, ದೂರು ಕೊಡುವವನೂ ನೀನೇ. ಗಾರ್ಡು ಮರ ಕಡಿದ್ರೆ ಕೆಲಸ ಹೋಗ್ತದೆ, ಗೊತ್ತುಂಟಾ? ಆನೆ ಬೀಳಿಸಿತು ಅಂತ ಹೇಳು. ಆನೆಗೆ ಬೈನೆ ಅಂದ್ರೆ ಜೀವ."

"ಆನೆ ಕತ್ತಿ ಹಿಡಿಯುದಿಲ್ಲ ಸಾರ್."

ರಾಯರು ಕನ್ನಡಕವನ್ನು ಒರೆಸಿ ಪುನಃ ಹಾಕಿಕೊಂಡರು. ಆಮೇಲೆ ಕುಂಞಿ ಮೋನು ಅವರ ಕಡೆ ತಿರುಗಿದರು.

"ನೋಡಿ ಬ್ಯಾರಿಗಳೇ. ಬಂಧಿಸಿದವನಿಗೆ ತಿನ್ನಲಿಕ್ಕೆ ಕೊಡುದು ಗಾರ್ಡಿನ ಕರ್ತವ್ಯ. ನೀವು ಗಡಿಯ ಒಳಗೆ ಸಿಕ್ಕಿದ್ದಾದ್ರೆ ಇವ ಕರ್ತವ್ಯ ಮಾಡಿದ. ಹೊರಗೆ ಇದ್ದದ್ದಾದ್ರೆ ನೀವು ಬಂದಿಯೇ ಅಲ್ಲ, ಗೋಣಿ ತಕ್ಕೊಂಡು ಮನೆಗೆ ಹೋಗಿ. ಇವನೂ ಮನೆಗೆ ಹೋಗ್ತಾನೆ, ಕೆಲಸ ಕಳಕೊಂಡು. ಒಳಗಾ, ಹೊರಗಾ?"

ಮೂರು ದಿನದಿಂದ ಕುಂಞಿ ಮೋನು ಹೊರಗೆ ಹೊರಗೆ ಎಂದು ಆಣೆ ಹಾಕಿದ್ದರು. ಅವರು ಗೋಣಿಯನ್ನು ನೋಡಿದರು. ಅದನ್ನು ಹೊತ್ತು ಹೊತ್ತು ಕತ್ತು ಸೊಟ್ಟಗಾಗಿ ನಿಂತಿದ್ದ ಮೇದಪ್ಪನವರನ್ನು ನೋಡಿದರು.

"ಒಳಗೆ," ಎಂದರು.

"ಎಷ್ಟು ಒಳಗೆ?"

ಒಮ್ಮೆ ಒಪ್ಪಿದ ಮೇಲೆ ಕೇಸು ಗಟ್ಟಿಯಾಗಿಯೇ ಇರಲಿ ಎಂದು ಅವರು, "ತುಂಬಾ ಒಳಗೆ ಸ್ವಾಮೀ. ಅರ್ಧ ಮೈಲು ಉಂಟು," ಎಂದರು.

"ಇಲ್ಲ ಸಾರ್," ಎಂದರು ಮೇದಪ್ಪ. "ಮೂರು ಮಾರು."

"ನಿಮಗೆಂತ ಗೊತ್ತು? ಕದ್ದದ್ದು ನಾನು!"

"ಹಿಡಿದದ್ದು ನಾನು. ಮೂರು ಮಾರು."

"ಒಂದು ಫರ್ಲಾಂಗು ಹಾಕಿ. ನಿಮಗೂ ಬೇಡ, ನನಗೂ ಬೇಡ."

"ಮೂರು ಮಾರು."

"ನಿಮ್ಮ ಕೆಲಸ ಉಳಿಸ್ಲಿಕ್ಕೆ ನಾನು ಇಷ್ಟು ಸಾಯುದು, ನೀವು ಎಂತ ಮಾರಾಯ್ರೆ!"

"ಮೂರು ಮಾರು ಸಾಕು!" ಎಂದು ರಾಯರು ಮೇಜಿಗೆ ಬಡಿದರು. "ಒಳಗೆ ಅಂದ್ರೆ ಒಳಗೆ. ಇಬ್ಬರೂ ಹೋಗಿ ಏನಾದ್ರೂ ತಿನ್ನಿ."

ಗೋಣಿ ಸರಕಾರಕ್ಕೆ ಹೋಯಿತು. ಮೇದಪ್ಪನವರ ಕೆಲಸ ಉಳಿಯಿತು. ಅಂಗಳಕ್ಕೆ ಇಳಿದು ಅವರು ಏನೋ ಹೇಳಬೇಕೆಂದು ಬಾಯಿ ತೆರೆದರು. ಕುಂಞಿ ಮೋನು ಬಿಡಲಿಲ್ಲ.

"ನೀವು ಮಾತಾಡಬೇಡಿ. ಒಂದು ಹತ್ತು ಮಾರಾದ್ರೂ ಹೇಳಬಹುದಿತ್ತು. ಬರೀ ಮೂರು ಮಾರು ಕದಿಯಲಿಕ್ಕೆ ಹೋಗಿ ಸಿಕ್ಕಿಬಿದ್ದೆ ಅಂತ ಕಾಣಿಯೂರಿನಲ್ಲಿ ನಾನು ಹೇಗೆ ಹೇಳುದು?"