ಇರುವೆ ತಿಂದ ಕೆನ್ನೆ

ದೇವರ ಪಟ ಕಂಡರೆ ಎಲ್ಲರಿಗೂ ಕೈ ಮುಗಿಯಬೇಕೆನಿಸುತ್ತದೆ. ನನಗೆ ಭುಜ ನೋಯುತ್ತದೆ. ಭಕ್ತಿ ಕಡಿಮೆಯೆಂದಲ್ಲ, ಬಣ್ಣ ಅರೆದವಳು ನಾನು.

ಮಧುಗಿರಿ ಬೆಟ್ಟದ ಬುಡದಲ್ಲಿ ನಮ್ಮ ಮನೆ. ನಾನು ಸೊಸೆಯಾಗಿ ಬಂದಾಗ ಮಾವ ಪಟ ಬರೆಯುತ್ತಿದ್ದರು. ಕುಂಚ ಗಂಡಸರದು, ಅರೆಯುವ ಕಲ್ಲು ಹೆಂಗಸರದು. ಈಗ ಮೊಮ್ಮಗಳು ಪೇಟೆಯಿಂದ ಡಬ್ಬಿ ತಂದು, ಮುಚ್ಚಳ ತೆಗೆದು, ಬಣ್ಣ ಸಿದ್ಧ ಎನ್ನುತ್ತಾಳೆ. ನನಗೇನೂ ಹೊಟ್ಟೆಯುರಿಯಿಲ್ಲ. ನಾವು ಇಂಗಳೀಕವೆಂಬ ಕೆಂಪು ಕಲ್ಲನ್ನು ನಿಂಬೆರಸ ಬಿಟ್ಟು ಎಂಟು ದಿನ ಅರೆಯಬೇಕಿತ್ತು. ಮಾವ ಬಂದು ಚೂರು ತೆಗೆದು ಎರಡು ಹೆಬ್ಬೆರಳ ಉಗುರಿನ ನಡುವೆ ತಿಕ್ಕುವರು. "ಇನ್ನೂ ಕರ್ ಅಂತದೆ ಕಣಮ್ಮ, ಅರಿ." ಅವರ ಉಗುರಿಗೆ ಕೇಳುತ್ತಿದ್ದಷ್ಟು ಅವರ ಕಿವಿಗೆ ಕೇಳುತ್ತಿರಲಿಲ್ಲ. ಭುಜ ನೋವು ಎಂದರಂತೂ ಕೇಳುತ್ತಲೇ ಇರಲಿಲ್ಲ.

ಅರೆದ ಬಣ್ಣಕ್ಕೆ ಬೇವಿನ ಅಂಟು ಬೆರೆಸಬೇಕು. ಒಣಗಿ ಬಿರುಕು ಬಿಡದಿರಲೆಂದು ಅಂಟಿಗೆ ಚೂರೇ ಚೂರು ಬೆಲ್ಲ. ಒಂದು ಸಲ ಅರೆದು ಅರೆದು ನನಗೆ ಸಾಕಾಗಿಹೋಗಿತ್ತು. ಚೂರಿನ ಬದಲು ಹಿಡಿ ಬಿತ್ತು. ಬಿದ್ದದ್ದು ಗೊತ್ತಿತ್ತು. ಮತ್ತೆ ಅಂಟು ನೆನೆಹಾಕಿ ಕೂರುವವರು ಯಾರೆಂದು ಸುಮ್ಮನಾದೆ.

ಅದು ಚನ್ನರಾಯನದುರ್ಗದ ಪಟೇಲರಿಗೆ ಬರೆದ ಲಕ್ಷ್ಮಿಯ ಪಟ. ವಯಸ್ಸಾಗಿ ಮಾವನ ಕೈ ಆಗಲೇ ನಿಧಾನವಾಗಿತ್ತು. ಹೇಳಿದ ದಿನಕ್ಕೆ ಸಿಗದಿದ್ದರೆ ಅಂಗಡಿಯ ಅಚ್ಚಿನ ಪಟ ತರುತ್ತೇನೆ ಎಂದು ಪಟೇಲರು ಹೇಳಿಹೋಗಿದ್ದರು. ಆ ದಿನ ಬೆಳಿಗ್ಗೆ ಮುಗಿದ ಪಟವನ್ನು ಪಡಸಾಲೆಯಲ್ಲಿಟ್ಟು ಮಾವ ಸ್ನಾನಕ್ಕೆ ಹೋದರು. ನಾನು ಮುದ್ದೆ ತೊಳಸಿ ಬಂದು ನೋಡುತ್ತೇನೆ, ದೇವಿಯ ಎಡಗೆನ್ನೆಯ ಮೇಲೆ ಕೆಂಪಿರುವೆ ಸಾಲು. ಅರ್ಧ ಕೆನ್ನೆ ಇಲ್ಲ.

ಅಚ್ಚಿನ ಪಟವೇ ತರಲಿ, ನನ್ನ ಕಲ್ಲು ನಿಲ್ಲಲಿ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಎಂಟು ದಿನ ಅರೆದ ಭುಜ ನನ್ನದು. ಅದನ್ನು ಇರುವೆಗೆ ಬಡಿಸಿ ಕೂರಲೇ? ಇರುವೆ ಕೊಡವಿ, ತೆಂಗಿನ ಚಿಪ್ಪಿನಲ್ಲಿ ಬೆಲ್ಲವಿಲ್ಲದ ಅಂಟು ಹಾಕಿ ಬಿಳಿ ಬಣ್ಣಕ್ಕೆ ಇಷ್ಟು ಇಂಗಳೀಕ ಕಲಸಿ, ಮಾವನ ಕುಂಚದಲ್ಲೇ ಕೆನ್ನೆ ತುಂಬಿದೆ. ಕೊಂಚ ಉಬ್ಬಿತು.

ಮಾವ ಬಂದು ನೋಡಿದರು. "ಇದ್ಯಾರು ಮುಟ್ಟಿದ್ದು?"

"ನಾನೇ ಮಾವ. ಬೆಲ್ಲ ಜಾಸ್ತಿ ಆಗ್ಬುಡ್ತು, ಇರುವೆ ತಿಂದ್ಬುಟ್ವು."

"ಹೆಂಗಸು ಕುಂಚ ಮುಟ್ಟೋದಾ?"

"ಇರುವೆ ಮುಟ್ಬೋದು, ನಾನು ಮುಟ್ಬಾರ್ದಾ?"

ಮಾವ ಚಿಪ್ಪಿನಲ್ಲಿ ಉಳಿದಿದ್ದ ಬಣ್ಣವನ್ನು ಉಗುರಿನ ನಡುವೆ ತಿಕ್ಕಿದರು. "ಕರ್ ಅನ್ನಲ್ಲ" ಎಂದಷ್ಟೇ ಅಂದರು. ಅಷ್ಟರಲ್ಲಿ ಪಟೇಲರ ಗಾಡಿ ಬಂತು. ಪಟೇಲರು ದೇವಿಯ ಮುಖ ನೋಡಿ, "ಏನ್ ನಗು ತರಿಸ್ಬುಟ್ಟಿದ್ದೀರಿ ಸ್ವಾಮಿ!" ಎಂದು ಕೈ ಮುಗಿದರು. ಮಾವ ನನ್ನ ಕಡೆ ತಿರುಗಲಿಲ್ಲ.

ಮಾರನೆಯ ದಿನ ಕಲ್ಲಿನ ಪಕ್ಕದಲ್ಲಿ ಒಂದು ಕುಂಚ ಇಟ್ಟಿತ್ತು. ನಮ್ಮ ಮನೆಯಲ್ಲಿ ಮೆಚ್ಚುಗೆಯೆಂದರೆ ಇದ್ದ ಕೆಲಸದ ಮೇಲೆ ಇನ್ನೊಂದು ಕೆಲಸ. ಅಂದಿನಿಂದ ಅರೆಯುವುದೂ ನಾನೇ, ಕೆನ್ನೆ ತುಂಬುವುದೂ ನಾನೇ. ಬೆಲ್ಲ ಮಾತ್ರ ಮಾವನೇ ಹಾಕುತ್ತಿದ್ದರು.